ಬೇಲಾಪುರದವರೆಗೆ ಬಿಸಿ ಆರದಂತೆ

ನೋಟು ರದ್ದಾದ ಮರುವರ್ಷದ ಜನವರಿ. ಬೆಳಿಗ್ಗೆ ಠಾಣೆಯ ಕೋಪರಿಯಲ್ಲಿರುವ ನಮ್ಮ ಹೋಟೆಲಿನಿಂದ ಸಾಂಬಾರು ತುಂಬುವ ಹಾಟ್‌ಬಾಕ್ಸ್ ಹಿಡಿದು ಹೊರಟೆ. ಡೊಂಬಿವಲಿಗೆ ಟಿಕೆಟ್ ಹತ್ತು ರೂಪಾಯಿ. ಜನರೆಲ್ಲ ಮುಂಬಯಿ ಕಡೆ ನುಗ್ಗುವ ಹೊತ್ತು, ನನ್ನದು ಎದುರು ದಿಕ್ಕು. ಕೂರಲು ಜಾಗ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ.

ತಮ್ಮ ಸುಧಾಕರ ಅಲ್ಲಿನ ಎಂಐಡಿಸಿ ಕೈಗಾರಿಕಾ ವಸಾಹತಿನ ಶೆಡ್ಡೊಂದರಲ್ಲಿ ಸ್ಕೂಟರು, ಬಸ್ಸುಗಳಿಗೆಂದು ಘನ ಬ್ಯಾಟರಿ ಮಾಡುತ್ತಿದ್ದ. ಸಾಮಾನ್ಯ ಬ್ಯಾಟರಿಯೊಳಗೆ ಬೆಂಕಿ ಹಿಡಿಯುವ ದ್ರವವಿರುತ್ತದೆ. ಹಿಂದಿನ ಕೆಲಸದಲ್ಲಿ ಅವನ ಬಲಗೈ ಸುಟ್ಟದ್ದು ಅದರಿಂದಲೇ. ಇದರಲ್ಲಿ ದ್ರವದ ಬದಲು ಪ್ಲಾಸ್ಟಿಕ್ಕಿನಂಥ ಗಟ್ಟಿ ಪದರ. ಆ ಪದರ ಬಿಸಿಯಿದ್ದರೆ ಮಾತ್ರ ಕರೆಂಟು ಹರಿಯಲು ಬಿಡುತ್ತದೆ ಎಂಬುದೇ ತೊಂದರೆ. ಬಿಸಿಮಾಡುವ ಯಂತ್ರ ಹೊರುವಂಥದ್ದಲ್ಲ, ಅದಕ್ಕೇ ನಮ್ಮ ಹಾಟ್‌ಬಾಕ್ಸ್. ಅಂದು ಬೇಲಾಪುರದ ಸಾರಿಗೆ ಅಧಿಕಾರಿಯ ಮುಂದೆ ಸ್ಕೂಟರಿನ ಚಕ್ರ ತಿರುಗಿಸಿ ತೋರಿಸಬೇಕಿತ್ತು. ಅವರು ಒಪ್ಪದಿದ್ದರೆ ಮಾಲೀಕರು ಶೆಡ್ಡಿಗೆ ಬೀಗ ಹಾಕುತ್ತಾರೆ, ತಮ್ಮ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. ಅವರು ಒಪ್ಪಲಿ ಎಂದು ಬೇಡುವಾಗಲೂ, ಅವನು ಬೆಂಕಿಯಿಂದ ದೂರ ಗಲ್ಲಾದಲ್ಲೇ ಇರಲಿ ಎಂಬ ಆಸೆ ನನ್ನೊಳಗಿತ್ತು.

ಶೆಡ್ಡಿನಲ್ಲಿ ಸುಧಾಕರ ಮುಚ್ಚಳ ತೆಗೆದವನೇ ಪೆಚ್ಚಾದ. ಒಳಗೆ ಬಾಳೆಲೆಯ ಮೇಲೆ ಬಿಸಿ ಇಡ್ಲಿ.

"ಅಕ್ಕ, ಎಂತದು ಇದು? ಇಡೀ ಹಬೆ ಉಂಟಲ್ಲ. ಬ್ಯಾಟರಿಗೆ ನೀರು ತಾಗಿದ್ರೆ ಮುಗೀತು."

"ಅಡಿಗೆಯ ಶೀನಣ್ಣನ ಕೆಲಸ. ಖಾಲಿ ಪಾತ್ರೆ ಹೊಸ್ತಿಲು ದಾಟಿದ್ರೆ ಅವರಿಗೆ ಊಟ ಸೇರುದಿಲ್ಲ ಮಾರಾಯ."

ಇಡ್ಲಿ ಶೆಡ್ಡಿನವರ ಪಾಲಾಯಿತು. ಡಬ್ಬಿ ಒರೆಸಿ ಒಣಗಿಸುವಷ್ಟರಲ್ಲಿ ನಾವು ಹಿಡಿಯಬೇಕಿದ್ದ ಲೋಕಲ್ ಹೋಗಿತ್ತು. ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿಯ ಸುತ್ತ ಬಿಸಿನೀರಿನ ರಬ್ಬರ್ ಚೀಲಗಳನ್ನಿಟ್ಟು, ಮುಂದಿನ ಗಾಡಿಯಲ್ಲಿ ಹೇಗೋ ತೂರಿಕೊಂಡು ಠಾಣೆಗೆ ಬಂದೆವು. ಅಲ್ಲಿ ಸೇತುವೆ ಹತ್ತಿ ಇಳಿದು ಪನ್ವೇಲ್ ಗಾಡಿ ಹಿಡಿದೆವು. ತುರ್ಭೆಯ ಹತ್ತಿರ ಅದು ನಿಂತೇಬಿಟ್ಟಿತು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಬಿಸಿ ಆರಿದರೆ ಎಂದು ಒಂದು ಭಯ, ಇದೂ ಉರಿದರೆ ಎಂದು ಇನ್ನೊಂದು.

"ಇದು ಉರಿಯುದಿಲ್ಲ ತಾನೆ?"

"ಅಷ್ಟು ಸುಲಭದಲ್ಲಿ ಇಲ್ಲ ಅಕ್ಕ."

"ಅಷ್ಟು ಸುಲಭದಲ್ಲಿ ಅಂದ್ರೆ?"

ಅವನು ಕಿಟಕಿಯ ಹೊರಗೆ ನೋಡಿದ. "ಒಳಗೆ ಲೋಹ ಸೂಜಿಯ ಹಾಗೆ ಬೆಳೀತದೆ, ಕೆಲವೊಮ್ಮೆ ಪದರ ತೂತಾಗ್ತದೆ. ಈಚೆಗೆ ಹಾಗೆ ಆಗ್ಲಿಲ್ಲ."

ಕೇಳದಿದ್ದರೇ ಚೆನ್ನಾಗಿತ್ತು ಎನಿಸಿತು.

ಬೇಲಾಪುರದ ಕಚೇರಿಯಲ್ಲಿ ಹಿಂದಿನ ದಿನವೇ ಟೆಂಪೋದಲ್ಲಿ ಬಂದಿದ್ದ ಚಕ್ರ ಸ್ಟ್ಯಾಂಡಿನ ಮೇಲೆ ಸಿದ್ಧವಿತ್ತು. ಸುಧಾಕರ ತಂತಿ ಜೋಡಿಸಿದ. ಗಾಡಿ ನಿಂತಲ್ಲೇ ಬಿಸಿ ಆರಿಹೋಗಿತ್ತು, ಚಕ್ರ ಅರ್ಧ ಸುತ್ತು ತಿರುಗಿ ನಿಂತಿತು. ಕಲಬುರಗಿ ಕಡೆಯ ಅಧಿಕಾರಿ ಗಡಿಯಾರ ನೋಡಿ, "ಇಷ್ಟೇನ್ರೀ?" ಎಂದರು.

ನಾನು ಸುಮ್ಮನಿದ್ದಿದ್ದರೆ ಆಗಲೇ ಎಲ್ಲ ಮುಗಿಯುತ್ತಿತ್ತು. ತಮ್ಮ ನಾಳೆಯಿಂದ ಗಲ್ಲಾದಲ್ಲಿ, ನನ್ನ ಕಣ್ಣೆದುರಿಗೆ ಇರುತ್ತಿದ್ದ. ಆದರೆ ಅವನ ಮುಖ ನೋಡಲಾಗಲಿಲ್ಲ. "ಸ್ವಲ್ಪ ಹೊತ್ತು ಕೊಡಿ ಸಾರ್" ಎಂದವಳೇ ಚೀಲಗಳನ್ನು ಎತ್ತಿಕೊಂಡು ಕೆಳಗಿನ ಕ್ಯಾಂಟೀನಿಗೆ ಓಡಿದೆ. ನಡೆಸುವವರು ಕಾರ್ಕಳದವರು. ತುಳುವಿನಲ್ಲಿ ಎರಡು ಮಾತಾಡಿದ್ದೇ ತಡ, ಚಹಾದ ಬಾಯ್ಲರಿನಿಂದ ಚೀಲ ತುಂಬಿಸಿ ಕೊಟ್ಟರು.

ಅರ್ಧ ತಾಸಿನ ನಂತರ ಚಕ್ರ ಕಡ್ಡಿಗಳೇ ಕಾಣದಷ್ಟು ಜೋರಾಗಿ ತಿರುಗಿತು. ಅಧಿಕಾರಿ ನಗಲಿಲ್ಲ.

"ಬಿಸಿ ಇದ್ರ ಓಡ್ತದ, ತಣ್ಣಗಾದ್ರ ಕೂಡ್ತದ. ಬಸ್ಸಿನ ತುಂಬ ಬಿಸಿನೀರಿನ ಚೀಲ ಇಡ್ಲೇನ್ರೀ? ತಣ್ಣಗಿದ್ದಾಗ ಓಡೋದು ಮಾಡ್ಕೊಂಡು ಬರ್ರಿ. ಇನ್ನೊಂದು ವರ್ಷ ನಡಸ್ರಿ ಅಂತ ನಿಮ್ಮ ಮಾಲಕರಿಗೆ ನಾನ ಹೇಳ್ತೀನಿ."

ಮರಳುವಾಗ ಸುಧಾಕರನ ಬಾಯಿಗೆ ಬಿಡುವೇ ಇರಲಿಲ್ಲ. "ತಣ್ಣಗೆ ಓಡ್ಬೇಕಾದ್ರೆ ಬೇರೆಯೇ ಪದರ ಬೇಕು ಅಕ್ಕ. ಗಂಧಕದ್ದು. ಅದಕ್ಕೆ ಗಾಳಿಯ ತೇವ ತಾಗಿದ್ರೂ ವಿಷದ ಅನಿಲ ಬಿಡ್ತದೆ. ಪಳಗಿಸ್ಬೇಕು."

"ಪಳಗಿಸುವವರೆಗೆ?"

"ನೋಡುವ" ಎಂದು ನಕ್ಕ.

ಠಾಣೆಯಲ್ಲಿ ಅವನು ಡೊಂಬಿವಲಿಗೆ ಮರಳಲು ಕಲ್ಯಾಣ ಲೋಕಲ್ ಹತ್ತಿದ. ಬಾಗಿಲಲ್ಲಿ ನಿಂತು ಕೈ ಬೀಸಿದ. ಅವನಿಗೆ ಒಂದು ವರ್ಷ ಸಿಕ್ಕಿತ್ತು. ದಿನಾ ಸಂಜೆ ಅವನ ಫೋನು ಬರುವವರೆಗೆ ಜೀವ ಕೈಯಲ್ಲಿ ಹಿಡಿದು ಕಾಯುವ ಒಂದು ವರ್ಷ ನನಗೂ ಸಿಕ್ಕಿತ್ತು. ಯಾರನ್ನು ದೂರಲಿ, ಬಿಸಿನೀರು ತಂದವಳು ನಾನೇ.