ಎಷ್ಟು ಪಾಯಿಂಟ್?

ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪು ಓಡಿಸುವ ಕುಶಾಲಪ್ಪನಿಗೆ ಟೂರಿಸ್ಟರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅವನಿಗೆ ಅನ್ನ ಹಾಕುವವರು ಅವರೇ, ಆದರೂ ಉರಿ. ಮಂಜು ಎಷ್ಟು ಗಂಟೆಗೆ ಬರುತ್ತೆ ಎಂದು ಕೇಳಿದ ಮಹಾನುಭಾವರೂ ಇದ್ದರು, ಅದೇನೋ ಸಿನಿಮಾ ಶೋ ಎಂಬಂತೆ! ಉಳಿದವರಂತೂ ಬೆಟ್ಟದ ಕಡೆ ಕಣ್ಣೆತ್ತುವ ಮೊದಲೇ, "ಅಣ್ಣ, ಎಷ್ಟು ಪಾಯಿಂಟ್ ತೋರಿಸ್ತೀರ?" ಎನ್ನುತ್ತಿದ್ದರು. ಕುಶಾಲಪ್ಪ ತಿರುಗಿಯೂ ನೋಡದೆ, ಕನ್ನಡಿಯಲ್ಲೇ ಅವರನ್ನು ಅಳೆದು, ತುಟಿ ಸೊಟ್ಟ ಮಾಡಿ, "ನಿಮಗೆ ಎಷ್ಟು ಬೇಕೋ ಅಷ್ಟು ಸಾರ್" ಎನ್ನುತ್ತಿದ್ದ.

ಮೊನ್ನೆ ಹೆಂಡತಿ ಯಮುನಾಳ ಕಾಟ ತಡೆಯಲಾರದೆ ಅವಳೊಂದಿಗೆ ಶ್ರೀರಂಗಪಟ್ಟಣಕ್ಕೆ ಹೋದ. ಬಸ್ಸಿಳಿದಾಗಿನಿಂದ ಮೂಗು ಮುರಿದದ್ದೇ ಮುರಿದದ್ದು. ಕೋಟೆ ನೋಡಿ, "ಬಿದ್ದ ಗೋಡೆ ನೋಡ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದ. ಹೊಳೆ ನೋಡಿ, "ಇದು ನಮ್ಮ ಕಾವೇರಿಯೇ. ಇಲ್ಲಿಗೆ ಬರುವಷ್ಟರಲ್ಲಿ ಪಾಪ, ಅವಳಿಗೂ ಸುಸ್ತಾಗಿದೆ" ಎಂದ.

"ಸುಮ್ಮನೆ ಬನ್ನಿ. ಇನ್ನೂ ಅರಮನೆ ಉಂಟು, ಸಂಗಮ ಉಂಟು" ಎಂದು ಯಮುನಾ ಒಂದು ಆಟೋ ಹತ್ತಿಯೇಬಿಟ್ಟಳು. ಅವನೂ ಗೊಣಗುತ್ತ ಹತ್ತಿದ.

ಬಿಸಿಲು ನೆತ್ತಿ ಸುಡುತ್ತಿತ್ತು. ಇದೆಲ್ಲ ಬೇಗ ಮುಗಿದರೆ ಸಾಕೆನಿಸಿ ಕುಶಾಲಪ್ಪ ಮುಂದಕ್ಕೆ ಬಾಗಿ ಕೇಳಿದ:

"ಇಲ್ಲಿ ಒಟ್ಟು ಎಷ್ಟು ಪಾಯಿಂಟ್ ಉಂಟು ಮಾರಾಯ್ರೆ?"

ಆಟೋದವನು ತಿರುಗಲಿಲ್ಲ. ಕನ್ನಡಿಯಲ್ಲೇ ಅವನನ್ನೊಮ್ಮೆ ಅಳೆದ. ತುಟಿ ಸೊಟ್ಟಗಾಯಿತು.

"ನಿಮ್ಗೆಷ್ಟ್ ಬೇಕೋ ಅಷ್ಟು ಸಾ."