ಸವಾ ಐದರ ಡಬ್ಬಿ

ಹಳೆಯ ಸಬ್‌ವೂಫರಿನ ಬೆನ್ನಿಗೆ ನೀವೆಂದಾದರೂ ಮೂಗು ಒಡ್ಡಿದ್ದೀರಾ? ಅರ್ಧ ಗಂಟೆ ಓಡಿದ ಮೇಲೆ ಅದರಿಂದ ಬಿಸಿ ಧೂಳಿನ ವಾಸನೆ ಬರುತ್ತದೆ. ನನ್ನದರಿಂದ ವಿಭೂತಿಯ ವಾಸನೆಯೂ ಬರುತ್ತದೆ. ವಿಭೂತಿಗೆಂಥ ವಾಸನೆ ಎಂದು ವಾದಕ್ಕೆ ಬರಬೇಡಿ, ವಾದ ಮಾಡುವುದು ನನ್ನ ಕೆಲಸ. ಮೊನ್ನೆ ಬೀದರದಲ್ಲಿ ಕೋಣೆ ಬದಲಿಸಿ ಕಂಪ್ಯೂಟರಿಗೆ ಸ್ಪೀಕರು ಜೋಡಿಸುವಾಗ ಆ ವಾಸನೆ ಬಂತು. ಹಿಂದೆಯೇ ಭಾತಂಬ್ರಾದ ಕಾಕುವಿನ, ಅಂದರೆ ನನ್ನ ಚಿಕ್ಕಮ್ಮನ, ಮನೆಯೂ ಬಂತು.

ಕಾಲೇಜಿನಲ್ಲಿ ನಾನು ಚರ್ಚಾ ಸ್ಪರ್ಧೆಯ ಹುಡುಗಿ. ವಿಷಯ ಯಾವುದಾದರೂ ಸರಿ, ಪರವೋ ವಿರೋಧವೋ ಹೇಳಿದರೆ ಸಾಕು, ನಾಲಿಗೆ ಸಿದ್ಧ. ಔರಾದದಲ್ಲಿ ಒಮ್ಮೆ 'ಬರಗಾಲದಲ್ಲಿ ಭಜನೆ ಬರೀ ಕಾಲಹರಣ' ಎಂದು ಏಳು ನಿಮಿಷ ವಾದಿಸಿ ಕಪ್ಪು ಗೆದ್ದೆ. ಅದನ್ನು ತಂದು ಕಾಕುವಿನ ಕೈಗೇ ಕೊಟ್ಟೆ. ಆಕೆ ಭಾತಂಬ್ರಾದ ಹೆಂಗಸರ ಭಜನಾ ಮಂಡಳಿಗೆ ಮುಂದಾಳು. ಏನು ಮಾತಾಡಿ ಗೆದ್ದೆ ಎಂದು ಕೇಳಿದಳು, ಹೇಳಿದೆ. "ಛಲೋ ಮಾತಾಡಿರಬೇಕು ನೀ" ಎಂದವಳೇ ಕಪ್ಪಿನೊಳಗೆ ಭಜನೆಯ ತಾಳಗಳನ್ನಿಟ್ಟಳು. ಇವತ್ತಿಗೂ ಅವು ಅಲ್ಲೇ ಇವೆ.

ಮಳೆ ಎರಡನೇ ವರ್ಷವೂ ಕೈಕೊಟ್ಟಾಗ ಕಾಕಾ ಕಟ್ಟಡದ ಕೆಲಸಕ್ಕೆ ಪುಣೆಗೆ ಹೊರಟ. ಸೋಮವಾರದ ಭಜನೆಗೆ ಢೋಲಕ್ ಬಾರಿಸುತ್ತಿದ್ದವನು ಅವನೊಬ್ಬನೇ. ಊರಿನ ಗಂಡಸರಲ್ಲಿ ಮುಕ್ಕಾಲು ಜನ ಅದಾಗಲೇ ಪುಣೆ, ಹೈದರಾಬಾದ್ ಸೇರಿದ್ದರು. ಹೊರಡುವ ಮುನ್ನಾದಿನ, ಕಾಕು ಹೇಳಿದಳೆಂದು, ಅವನು ಬಾರಿಸಿದ್ದನ್ನು ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಢೋಲಕ್ ಗೂಟಕ್ಕೆ ಬಿತ್ತು.

ಮೂರು ಸೋಮವಾರ ಹೆಂಗಸರು ಬರೀ ತಾಳ ಹಾಕಿ ಹಾಡಿದರು. ನಾಲ್ಕನೆಯದಕ್ಕೆ ಶಾಂತಮ್ಮ ಎದ್ದು ನಿಂತಳಂತೆ. ಮಂಡಳಿಯಲ್ಲಿ ಅವಳದೇ ಹರಿತ ಬಾಯಿ. "ಢೋಲಕ್ ಇಲ್ಲದ ಭಜನಿ ಅಂದ್ರ ರಾಗ ಹಚ್ಚಿ ಅಳೋದು. ಹಲಬರ್ಗಾದಾಗ ನಿಂದ್ರಿಸ್ಯಾರ, ನಾವೂ ನಿಂದ್ರಸೂಣು. ಮುಂದಿನ ಸೋಮವಾರ ಢೋಲಕ್ ಕೇಳಿದ್ರ ಬರ್ತೇವಿ, ಇಲ್ಲಂದ್ರ ಇಲ್ಲ."

ಕಾಕು ನನಗೆ ಫೋನು ಮಾಡಿದಳು. ನಿಲ್ಲಿಸಿದರೇನಾಯಿತು ಎಂದು ನಾನು ಅಭ್ಯಾಸಬಲದಿಂದ ಕೇಳಿದೆ.

"ಏನಾಗ್ತದ? ಯಾರ ಮನ್ಯಾಗ ಒಲಿ ಹೊತ್ತಿಲ್ಲ, ಯಾರಿಗಿ ಪುಣ್ಯಾದಿಂದ ಫೋನ್ ಬಂದಿಲ್ಲ, ಸೋಮವಾರಕ್ಕ ನಮಗ ಗೊತ್ತಾಗ್ತದ. ಅದು ನಿಂತ್ರ ಒಬ್ಬೊಬ್ಬಾಕಿ ತನ್ನ ತನ್ನ ಬಾಗಲಾ ಹಾಕ್ಕೊಂಡು ಕೂಡ್ತಾಳ. ನೀ ಮಾತು ಬಿಟ್ಟು ಬಾ."

ಔರಾದದ ಏಳು ನಿಮಿಷದಲ್ಲಿ ಈ ಅಂಶ ನನಗೆ ಹೊಳೆದಿರಲಿಲ್ಲ. ತೀರ್ಪುಗಾರರಿಗೂ ಹೊಳೆದಿರಲಿಲ್ಲ.

ಆಗಷ್ಟೇ ಭಾಲ್ಕಿಯಲ್ಲಿ ನಾನು ಕಲಿಸುತ್ತಿದ್ದ ಕಂಪ್ಯೂಟರ್ ಕ್ಲಾಸು, ಕಲಿಯುವವರಿಲ್ಲದೆ ಬಾಗಿಲು ಹಾಕಿತ್ತು. ಅದನ್ನು ನಡೆಸುತ್ತಿದ್ದ ಸರ್ ಒಂದು ಹಳೆಯ ಕಂಪ್ಯೂಟರನ್ನೂ ಸರೌಂಡ್ ಸ್ಪೀಕರ್ ಸೆಟ್ಟನ್ನೂ ನನಗೇ ಕೊಟ್ಟಿದ್ದರು. ಸೋಮವಾರ ಎಲ್ಲವನ್ನೂ ಬಸ್ಸಿಗೇರಿಸಿಕೊಂಡು ಹೋದೆ. ಡಬ್ಬಿಯ ಮೇಲಿನ ೫.೧ ಎಂಬ ಅಂಕಿಯನ್ನು ಕಾಕು ಬೆರಳಿಟ್ಟು ಓದಿದಳು. "ಸವಾ ಐದು."

"ಸವಾ ಅಂದ್ರ ಕಾಲು ಜಾಸ್ತಿ, ಕಾಕು. ಇದು ಐದು ಪಾಯಿಂಟ್ ಒಂದು. ಐದು ಸಣ್ಣ ಸ್ಪೀಕರ್, ದಪ್ಪ ಆವಾಜಿಗಿ ಒಂದು ವೂಫರ್."

"ಐದರ ಮ್ಯಾಲ ಸ್ವಲ್ಪ ಹೆಚ್ಚಿಗಿ ಅದನೋ ಇಲ್ಲೋ?"

"ಅದ."

"ಮತ್ತ ಸವಾನೇ."

ಹರಕೆಯ ಸಕ್ಕರೆಯನ್ನೂ ಸವಾ ಕಿಲೋ ತೂಗಿಸುವವರ ಮುಂದೆ ದಶಮಾಂಶ ಏನು ಮಾಡೀತು?

ನಾಲ್ಕಕ್ಕೆ ಕರೆಂಟು ಬಂತು. ಆರಕ್ಕೆ ಹೆಂಗಸರು ಬರುವವರು. ಮುಂದೆ ಮೂರು, ಹಿಂದೆ ಎರಡು ಸ್ಪೀಕರು ಇಟ್ಟೆ. ವೂಫರನ್ನು ಮಾತ್ರ ನಡುಮನೆಯ ಮಧ್ಯೆ, ಸ್ಟೂಲಿನ ಮೇಲೆ, ಬಟ್ಟೆ ಹಾಸಿ ಕೂರಿಸಿದೆ. ನೋಡಿ, ದೇವರನ್ನು ನಂಬದವಳು ಕೂಡ ದೊಡ್ಡ ಡಬ್ಬಿ ಕಂಡರೆ ಗದ್ದುಗೆ ಹಾಕಿಬಿಡುತ್ತಾಳೆ. ಮೊಬೈಲಿನಿಂದ ಇಳಿಸಿಕೊಂಡ ಢೋಲಕ್ಕನ್ನು ಹಚ್ಚಿದೆ. ಟಕ್, ಟಕ್, ಟಕಾ ಟಕ್.

ಕಾಕು ಸ್ವಲ್ಪ ಹೊತ್ತು ಕಿವಿಗೊಟ್ಟಳು. "ನಿಮ್ಮ ಕಾಕಾ ಅರ್ಧಾನೇ ಬಂದಾರಲ್ಲ. ಉಳಿದರ್ಧಾ ಪುಣ್ಯಾದಾಗೇ ಬಿಟ್ಟಿಯೇನು?"

ಮಾತು ಸರಿಯಾಗಿಯೇ ಇತ್ತು. ಢೋಲಕ್ಕಿನ ಸಣ್ಣ ಬಾಯಿ ಟಕ್ ಅನ್ನುತ್ತದೆ, ದೊಡ್ಡ ಬಾಯಿ ಧಮ್ ಅನ್ನುತ್ತದೆ. ಧಮ್ ಇರಲೇ ಇಲ್ಲ. ವೂಫರಿನ ಕೇಸರಿ ಬಣ್ಣದ ಪಿನ್ನನ್ನು ತಪ್ಪು ತೂತಿಗೆ ಹಾಕಿದ್ದೆ. ಬದಲಿಸಿದೆ, ಬರಲಿಲ್ಲ. ಸೆಟ್ಟಿಂಗ್ ತೆರೆದು ನೋಡಿದರೆ, ಕಂಪ್ಯೂಟರು ತನಗೆ ಎರಡೇ ಸ್ಪೀಕರ್ ಇವೆ ಎಂದುಕೊಂಡು ಕೂತಿತ್ತು. ಆರೂ ಸ್ಪೀಕರಿಗೆ ಗುರುತು ಹಾಕಿ, ದಪ್ಪ ದನಿಯನ್ನು ವೂಫರಿಗೆ ಕಳಿಸೆಂದು ಒತ್ತಿದೆ. ಧಮ್ ಬಂತು, ಆದರೆ ಬಾಗಿಲ ಬಳಿ ನಿಂತವರಿಗಷ್ಟೇ. ಕಾಕು ಕೂತು ಹಾಡುವ ಜಾಗದಲ್ಲಿ ಮತ್ತೆ ಬರೀ ಟಕ್. ಗಂಟೆ ಐದೂಕಾಲಾಗಿತ್ತು.

ಆಗ ಸರ್ ಕಲಿಸಿದ್ದ ಒಂದು ಉಪಾಯ ನೆನಪಾಯಿತು. ಕೇಳುವವರ ಜಾಗದಲ್ಲಿ ವೂಫರನ್ನಿಡಬೇಕು. ಆಮೇಲೆ ಗೋಡೆಗುಂಟ ಅಂಬೆಗಾಲಿಡುತ್ತಾ, ಎಲ್ಲಿ ದನಿ ತುಂಬಿ ಕೇಳುತ್ತದೋ ಹುಡುಕಬೇಕು. ಆ ಜಾಗವೇ ಅದಕ್ಕೆ ತಕ್ಕ ಜಾಗ. ಕಾಕುವನ್ನು ಎಬ್ಬಿಸಿ ಅವಳ ಚಾಪೆಯ ಮೇಲೆ ಡಬ್ಬಿ ಇಟ್ಟು, ನೆಲಕ್ಕೆ ಕಿವಿ ಬಗ್ಗಿಸಿ ಹೊರಟೆ.

"ಏನು ಕಳ್ಕೊಂಡಿ?"

"ಕಾಕಾನ ಧಮ್ಮು."

"ಕಪಾಟಿನ ಕೆಳಗ ನೋಡು, ನನ್ನ ಕಿವ್ಯಾಗಿನ ಬೆಂಡವಾಲಿ ಸಿಕ್ರೂ ಸಿಗಬಹುದು."

ಕಪಾಟಿನ ಬಳಿ ಇಲ್ಲ. ಕಿಟಕಿಯ ಕೆಳಗೆ ಇಲ್ಲ. ಜೋಳದ ಖಾಲಿ ಕಣಜ ದಾಟಿ ಮೂಲೆಗೆ ಬಂದಾಗ ಎದೆಗೇ ಬಡಿಯಿತು, ಧಮ್. ತಲೆಯೆತ್ತಿ ನೋಡಿದೆ. ಗೋಡೆಯ ಸುಣ್ಣ ಒಂದು ಬೆನ್ನಿನಗಲ ಸವೆದಿತ್ತು. ಕಾಕಾ ಕೂತು ಬಾರಿಸುತ್ತಿದ್ದ ಮೂಲೆ ಅದು.

ಕಾಕು ಬಾಯಿ ತೆರೆಯುವ ಮೊದಲೇ ನಾನು ಖಂಡನೆಗೆ ಇಳಿದೆ. "ಇದು ಪವಾಡ ಅಲ್ಲ, ಕಾಕು. ಮೂಲ್ಯಾಗ ಎರಡು ಗ್ವಾಡಿ ಕೂಡ್ತಾವ, ದಪ್ಪ ಆವಾಜ್ ಅಲ್ಲಿ ತುಂಬ್ತದ."

"ಪವಾಡ ಅಂತ ಅಂದಾಕಿ ಯಾರು? ಲಗ್ನ ಆದ ವರ್ಷ ನಿಮ್ಮ ಕಾಕಾ ಮನಿ ತುಂಬ ಸರದು ಸರದು ಬಾರಿಸಿ ನೋಡ್ಯಾರ. ನಾ ಇಲ್ಲಿ ಕುಂತು ಹೂಂ ಅಂದ ಮ್ಯಾಲೇ ಅಲ್ಲಿ ಕುಂತಾರ."

ಪ್ರಯೋಗ, ಪರೀಕ್ಷೆ, ನಿರ್ಣಯ, ಎಲ್ಲವೂ ನಾನು ಹುಟ್ಟುವ ಮೊದಲೇ ಆ ನಡುಮನೆಯಲ್ಲಿ ಮುಗಿದಿತ್ತು. ಇಲ್ಲದ ಎದುರಾಳಿಯನ್ನು ಸೋಲಿಸಲು ಹೋಗಿದ್ದವಳು ನಾನೊಬ್ಬಳೇ.

ಮೂಲೆಯಲ್ಲಿಟ್ಟ ಡಬ್ಬಿಗೆ ಕಾಕು ಮೂರು ಬೆರಳು ವಿಭೂತಿ ಎಳೆದಳು. ಯಂತ್ರಕ್ಕೇಕೆ ಎಂದರೆ, "ಕೆಲಸಕ್ಕ ಕುಂತದಲ್ಲ" ಅಂದಳು. ಆರಕ್ಕೆ ಹೆಂಗಸರು ಬಂದರು. ಶಾಂತಮ್ಮ ಹೊಸ್ತಿಲಲ್ಲೇ ನಿಂತಳು. ಢೋಲಕ್ ಶುರುವಾಯಿತು. ಅವಳು ಒಳಗೆ ಬಂದು ಕೂತು, ನೆಲಕ್ಕೆ ಅಂಗೈ ಹಚ್ಚಿ, "ಬಂದಾರ ನೋಡು" ಎಂದು ತಾಳಕ್ಕೆ ಕೈ ಚಾಚಿದಳು. ಔರಾದದ ಕಪ್ಪನ್ನು ಅವಳ ಮುಂದೆ ಹಿಡಿದವಳು ನಾನೇ.

ಒಂದು ಸೋಮವಾರವೂ ತಪ್ಪಲಿಲ್ಲ. ಮರುವರ್ಷ ಮಳೆ ಬಿದ್ದು ಕಾಕಾ ಮರಳಿದ. ಗೂಟದಿಂದ ಢೋಲಕ್ ಇಳಿಸಿ ತನ್ನ ಮೂಲೆಯಲ್ಲಿ ಕೂತು ಬಾರಿಸಿದ. ಎರಡನೇ ನುಡಿಯಲ್ಲಿ ಹೆಂಗಸರೆಲ್ಲ ಒಟ್ಟಿಗೇ ಮುಗ್ಗರಿಸಿದರು.

"ಪುಣ್ಯಾಕ್ಕ ಹೋಗಿ ಬಾರಸೋದು ಮರತ್ರೇನ್ರಿ?" ಶಾಂತಮ್ಮ ಗದರಿದಳು.

ಕಾಕಾ ಕಕ್ಕಾಬಿಕ್ಕಿ. ರೆಕಾರ್ಡನ್ನು ಹಾಕಿ ತೋರಿಸಿದೆ. ಆವತ್ತು ನೊಣ ಓಡಿಸಲು ಅವನೊಮ್ಮೆ ಕೈ ಬೀಸಿದ್ದ. ಅಲ್ಲಿ ಒಂದು ಧಮ್ ಬಿಟ್ಟುಹೋಗಿತ್ತು. ಒಂದು ವರ್ಷ ಹೆಂಗಸರು ಆ ಜಾಗದಲ್ಲಿ ಉಸಿರು ಹಿಡಿದು ಕಾದು, ಅದನ್ನೇ ಹಾಡಿನ ಭಾಗ ಮಾಡಿಕೊಂಡಿದ್ದರು. ಕಾಕಾ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಈಗಲೂ ಅಲ್ಲಿಗೆ ಬಂದಾಗ ಕೈ ಎತ್ತಿ, ಇಲ್ಲದ ನೊಣವನ್ನು ಓಡಿಸುತ್ತಾನೆ.

ಮೊನ್ನೆ ಹೊಸ ಕೋಣೆಯಲ್ಲಿ ವೂಫರನ್ನು ನನ್ನ ಕುರ್ಚಿಯ ಮೇಲಿಟ್ಟು ಅದೇ ಢೋಲಕ್ ಹಚ್ಚಿ ಗೋಡೆಗುಂಟ ಅಂಬೆಗಾಲಿಡುತ್ತಿದ್ದೆ. ಜೊತೆಗಿರುವ ಗೆಳತಿ ಬಾಗಿಲಲ್ಲಿ ನಿಂತಳು.

"ದೇವರಿಗಿ ಕೈ ಮುಗ್ಯಾಕಿ ಅಲ್ಲ, ಡಬ್ಬಿಗಿ ಅಡ್ಡಬಿದ್ದೀ? ಎಷ್ಟರದು ಇದು, ಫೈವ್ ಪಾಯಿಂಟ್ ಒನ್ನಾ?"

ಎರಡನೇ ನುಡಿ ಹತ್ತಿರ ಬರುತ್ತಿತ್ತು. ನಾನು ಕೈ ಎತ್ತಿ ಅವಳನ್ನು ತಡೆದೆ. ಧಮ್ ಬರಬೇಕಾದ ಜಾಗ ಬಂತು, ಖಾಲಿ ಹೋಯಿತು.

"ಸವಾ ಐದು" ಅಂದೆ.