ಪೂಜೆಗೆ ಮುಂಚಿನ ಗುಳಿಗೆ

ಎಂಟೂ ಇಪ್ಪತ್ತಕ್ಕೆ ಪೂಜೆ ಕೋಣೆಯಿಂದ ಅಪ್ಪನ ಧ್ವನಿ ನಿಂತಿತು. ಶ್ರಾವಣದ ಮೊದಲ ಸೋಮವಾರ. ಲಕಮನಹಳ್ಳಿಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಗಡಿಯಾರ ನೋಡಿದ್ದೆ. ಗಾಬರಿಯಾಗಲಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು ಕೂತವರನ್ನು ಮಾತಾಡಿಸುವ ರೂಢಿ ನಮ್ಮಲ್ಲಿಲ್ಲ.

ತಿಂಗಳ ಹಿಂದೆ ಡಾಕ್ಟರು ಅಪ್ಪನ ಸಕ್ಕರೆ ಕಾಯಿಲೆಯ ಗುಳಿಗೆಗಳ ಜೊತೆ ಮಲೇರಿಯಾದ ಗುಳಿಗೆಯೊಂದನ್ನು ಸೇರಿಸಿದ್ದರು.

"ನನಗ ಚಳಿಜ್ವರ ಎಲ್ಲಿ ಬಂದೈತಿ? ಡಾಕ್ಟರ್ರು ಪುಸ್ತಕದಾಗ ಹಾಳಿ ತಪ್ಪಿ ತಿರುವ್ಯಾರ" ಎಂದು ಅಪ್ಪ ನಕ್ಕಿದ್ದರು.

"ಹಳೇ ಔಷಧಕ್ಕ ಹೊಸಾ ಕೆಲಸಾ ಅಪ್ಪಾ. ಒಳಗ ಇನ್ಸುಲಿನ್ ಹೆಚ್ಚಿಗಿ ಬರ್ತೈತಂತ" ಎಂದು ನಾನು ಓದಿದ್ದನ್ನೆಲ್ಲ ಒಪ್ಪಿಸಿದ್ದೆ.

ಸಕ್ಕರೆ ಇಳಿಯತೊಡಗಿದಾಗ ಹೆಮ್ಮೆಪಟ್ಟವಳೂ ನಾನೇ. ಗುಳಿಗೆ ನುಂಗಿ ಉಪವಾಸ ಇರಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಪೂಜೆಯಾಗದೆ ಅನ್ನ ಮುಟ್ಟದಿರುವುದನ್ನು ನಾವ್ಯಾರೂ ಉಪವಾಸ ಅಂದುಕೊಂಡಿರಲಿಲ್ಲ. ಬೇರೆ ದಿನ ಅಪ್ಪನ ಪೂಜೆ ಕಾಲು ಗಂಟೆ. ಶ್ರಾವಣ ಸೋಮವಾರ ಎರಡು ಗಂಟೆ. ಅಂದು ನಸುಕಿನಲ್ಲಿ ಗುಳಿಗೆ, ನೀರು ಕೊಟ್ಟದ್ದು ನಾನು.

"ಅವ್ವಾ, ಭಾಳ ಹೊತ್ತಾತು. ಕರೀಲೇನು?"

"ಸುಮ್ನಿರ. ಇವತ್ತ ಧ್ಯಾನ ಛಲೋ ಹತ್ತೈತಿ ಅವರಿಗೆ."

ಪಾತ್ರೆ ಸದ್ದಾಗದಂತೆ ನಾವಿಬ್ಬರೂ ಬೆರಳತುದಿಯಲ್ಲಿ ಓಡಾಡಿದೆವು. ಎಂಟೂ ಮುಕ್ಕಾಲಿಗೆ ಒಳಗೆ ಏನೋ ಬಿದ್ದಿತು. ಅಪ್ಪನ ಕೈಯಿಂದ ಲಿಂಗ ಎಂದೂ ಬಿದ್ದದ್ದಿಲ್ಲ.

ಒಳಗೆ ಓಡಿದೆ. ಅಪ್ಪ ಗೋಡೆಗೆ ವಾಲಿದ್ದರು. ಮೈಯೆಲ್ಲ ತಣ್ಣನೆ ಬೆವರು. ನನ್ನ ಮುಖವನ್ನೇ ನೋಡಿ, "ಯಾರವ್ವಾ ನೀ?" ಎಂದರು. ಆಮೇಲೆ ಕಣ್ಣು ಮುಚ್ಚಿದರು.

ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಆಟೋ ಬರುವುದಿಲ್ಲ. ಪಕ್ಕದ ಮನೆಯ ಕಾಕಾ, "ಸರೀರಿ! ಹಾದಿ ಬಿಡ್ರಿ!" ಎಂದು ಕೂಗುತ್ತ ಅಪ್ಪನನ್ನು ಹೊತ್ತುಕೊಂಡೇ ಓಡಿದರು. ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸ್ ಏರಿಸಿದ ಮೇಲೆ ಅಪ್ಪ ಕಣ್ಣು ಬಿಟ್ಟರು. ಮೊದಲು ಎದೆ ಮುಟ್ಟಿ ಲಿಂಗ ಹುಡುಕಿದರು.

ಖಾಲಿ ಹೊಟ್ಟೆಯಲ್ಲಿ ಸಕ್ಕರೆ ತೀರಾ ಕುಸಿದಿತ್ತು ಎಂದು ಡಾಕ್ಟರು ಗುಳಿಗೆಗಳ ಪ್ರಮಾಣ ಇಳಿಸಿದರು. ಆದರೂ ರಾತ್ರಿ ಮತ್ತೆಮತ್ತೆ ಎದ್ದು ಅಪ್ಪನ ಹಣೆ ಮುಟ್ಟಿ ನೋಡುತ್ತಿದ್ದೆ. ಕತ್ತಲಲ್ಲಿ ಅವ್ವನ ಕೈ ನನಗಿಂತ ಮೊದಲೇ ಅಲ್ಲಿರುತ್ತಿತ್ತು. "ಯಾರವ್ವಾ ನೀ" ಎಂಬುದು ಈಗಲೂ ಕೇಳಿಸುತ್ತದೆ.

ಶ್ರಾವಣದ ಕೊನೆಯ ಸೋಮವಾರ ಅಪ್ಪ ಸ್ನಾನ ಮುಗಿಸಿ ನೇರ ಅಡುಗೆಮನೆಗೆ ಬಂದು ನನ್ನತ್ತ ನೋಡಿದರು.

"ಒಂದ್ ರೊಟ್ಟಿ ಹಾಕವ್ವಾ. ಪೂಜಿ ಆಮ್ಯಾಲೆ. ನೀವಿಬ್ಬರೂ ಎಷ್ಟ ದಿನ ಅಂತ ನಿದ್ದಿಗೆಡ್ತೀರಿ?"

ಹಂಚಿನ ಮೇಲೆ ಅವ್ವನ ಕೈ ನಿಂತಿತು. ಎಪ್ಪತ್ತು ವರ್ಷದ ನೇಮ. ಅಪ್ಪ ಪೂಜೆ ಕೋಣೆಗೆ ಬೆನ್ನು ಮಾಡಿ ಕೂತು, ತಲೆ ತಗ್ಗಿಸಿ, ಆ ರೊಟ್ಟಿಯನ್ನು ಬಹಳ ಹೊತ್ತು ಅಗಿದರು. ನಂತರ ಗುಳಿಗೆಗೆ ಅಂಗೈ ಚಾಚಿದರು.

ಆ ರಾತ್ರಿ ನಾವು ಮೂವರೂ ಬೆಳಗಿನ ತನಕ ಮಲಗಿದೆವು.